ಹುಗ್ಗಿ ಹಗುರವೆ, ಜಡವೆ?

ಧನುರ್ಮಾಸ ಬಂತೆಂದರೆ ಹಳೆಯ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ಬೆಳಗಿನ ಜಾವಕ್ಕೇ ಒಲೆ ಹೊತ್ತಿಕೊಳ್ಳುತ್ತದೆ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಸೂರ್ಯ ಹುಟ್ಟುವ ಮೊದಲೇ ಪೂಜೆ ಮುಗಿದು, ನೈವೇದ್ಯಕ್ಕಿಟ್ಟ ಹುಗ್ಗಿ ಬಿಸಿಬಿಸಿಯಾಗಿ ಎಲೆಗೆ ಬೀಳಬೇಕು. ಹೊರಗೆ ಮಂಜು, ಒಳಗೆ ತುಪ್ಪದಲ್ಲಿ ಸಿಡಿದ ಮೆಣಸು ಜೀರಿಗೆಯ ಘಮ, ಪಡಸಾಲೆಯ ರೇಡಿಯೋದಲ್ಲಿ ಆಗ ತಾನೆ ಮೊದಲಾದ ಮಂಗಳವಾದ್ಯ. ಮಕ್ಕಳು ಹೊದ್ದ ಕಂಬಳಿಯಲ್ಲೇ ಬಂದು ಕೂತು, ಇಡೀ ಮೆಣಸಿನ ಕಾಳುಗಳನ್ನು ಒಂದೊಂದಾಗಿ ಹೆಕ್ಕಿ ತಟ್ಟೆಯ ಅಂಚಿನಲ್ಲಿ ಸಾಲಾಗಿ ಜೋಡಿಸುವ ಕೆಲಸಕ್ಕೆ ತೊಡಗುತ್ತಾರೆ.

ಉತ್ತರ ಕರ್ನಾಟಕದವರಿಗೆ ಹುಗ್ಗಿ ಎಂದರೆ ಗೋಧಿ ಬೆಲ್ಲಗಳ ಸಿಹಿ. ಅದರ ರುಚಿಯ ಬಗ್ಗೆ ನನ್ನ ತಕರಾರೇನೂ ಇಲ್ಲ. ಆದರೆ ನಾನಿಲ್ಲಿ ಹೇಳಹೊರಟಿರುವುದು ಅಕ್ಕಿ, ಹೆಸರುಬೇಳೆಗಳ ಖಾರದ ಹುಗ್ಗಿಯ ವಿಚಾರ. ತಮಿಳರ ವೆಣ್‌ಪೊಂಗಲ್ ಇದಕ್ಕೆ ಒಡಹುಟ್ಟು. ಉತ್ತರದ ಖಿಚಡಿ ದಾಯಾದಿ.

ಈ ಹುಗ್ಗಿಯ ಬಗ್ಗೆ ನಮ್ಮ ಮನೆಗಳಲ್ಲಿ ಒಂದು ನಂಬಿಕೆ ಬೇರೂರಿದೆ. ಅದು ಬಲು ಹಗುರವಾದ ಆಹಾರ, ಯಾರಿಗಾದರೂ ಯಾವಾಗಲಾದರೂ ಕೊಡಬಹುದು ಎಂಬುದು. ಜ್ವರ ಬಿಟ್ಟ ಮಾರನೆಯ ದಿನವೇ, "ಬಾಯಿ ಕೆಟ್ಟಿದೆ, ಪಾಪ! ಒಂದಿಷ್ಟು ಮೆತ್ತಗೆ ಹುಗ್ಗಿ ಮಾಡಿ, ಎರಡು ಚಮಚ ತುಪ್ಪ ಹಾಕಿಕೊಡಿ" ಎನ್ನುವ ಅಜ್ಜಿಯರನ್ನು ನಾವೆಲ್ಲರೂ ಬಲ್ಲೆವು. ಆಯುರ್ವೇದದ ಹೆಸರಿನಲ್ಲೇ ಈ ಮಾತನ್ನು ಹೇಳುವವರೂ ಈಚೆಗೆ ಹೆಚ್ಚಾಗಿದ್ದಾರೆ. ಹಾಗಾದರೆ ಆಯುರ್ವೇದ ಏನು ಹೇಳುತ್ತದೆಂಬುದನ್ನೇ ನೋಡೋಣ.

ಅಕ್ಕಿ ಬೇಳೆಗಳನ್ನು ಕೂಡಿಸಿ ಬೇಯಿಸಿದ ಅನ್ನಕ್ಕೆ ವೈದ್ಯಗ್ರಂಥಗಳಲ್ಲಿ ಕೃಶರಾ ಎಂದು ಹೆಸರು. ಹಿಂದಿನ ಕೆಲವು ವ್ಯಾಖ್ಯಾನಕಾರರು ಕೃಶರಾ ಎಂದರೆ ಎಳ್ಳು, ಅಕ್ಕಿ, ಉದ್ದುಗಳ ಪಾಕವೆಂದು ಅರ್ಥ ಮಾಡಿದ್ದುಂಟು. 16ನೆಯ ಶತಮಾನದ ಭಾವಮಿಶ್ರ ತನ್ನ 'ಭಾವಪ್ರಕಾಶ'ದಲ್ಲಿ ಕೊಡುವ ಲಕ್ಷಣ ಮಾತ್ರ ನಮ್ಮ ಅಡಿಗೆಮನೆಗೆ ತೀರ ಹತ್ತಿರದ್ದು: ಅಕ್ಕಿ, ಬೇಳೆ, ಉಪ್ಪು, ಹಸಿಶುಂಠಿ, ಇಂಗು, ನೀರು. ಇದರ ಗುಣಗಳನ್ನು ಹೇಳುವಾಗ, ಬಲವನ್ನು ಕೊಡುತ್ತದೆ, ಧಾತುಗಳನ್ನು ಬೆಳೆಸುತ್ತದೆ ಎಂದು ಮೆಚ್ಚಿ, ಅದರ ಜೊತೆಯಲ್ಲೇ ಇದು ಗುರು, ಬೇಗ ಜೀರ್ಣವಾಗದು, ಕಫಪಿತ್ತಗಳನ್ನು ಹೆಚ್ಚಿಸುತ್ತದೆ, ಹೊಟ್ಟೆ ಕಟ್ಟುತ್ತದೆ ಎಂದೂ ಆತ ಎಚ್ಚರಿಸುತ್ತಾನೆ. ಮೊದಲ ಸಲ ಇದನ್ನು ಓದಿದಾಗ ನನಗೇ ಆಶ್ಚರ್ಯವಾಗಿತ್ತು. ರೋಗಿಯ ಪಥ್ಯವೆಂದುಕೊಂಡದ್ದು ಗಟ್ಟಿಮುಟ್ಟಾದವನ ಊಟವಾಗಿ ಹೊರಬಿದ್ದಿತ್ತು!

ಗುರು, ಲಘು ಎಂಬ ಈ ಮಾತುಗಳಿಗೂ ತಕ್ಕಡಿಯ ತೂಕಕ್ಕೂ ಸಂಬಂಧವಿಲ್ಲ. ತಿಂದದ್ದನ್ನು ಅರಗಿಸಲು ಜಠರಾಗ್ನಿ ಎಷ್ಟು ದುಡಿಯಬೇಕಾಗುತ್ತದೆ ಎಂಬುದೇ ಅಳತೆ. ಮೆತ್ತಗಿರುವುದೆಲ್ಲ ಹಗುರವಲ್ಲ, ಹಲ್ಲಿಗೆ ಸುಲಭವಾದದ್ದು ಹೊಟ್ಟೆಗೂ ಸುಲಭವೆಂದು ಭಾವಿಸುವುದರಿಂದಲೇ ಈ ಗೊಂದಲ ಹುಟ್ಟಿದೆ.

ಜಡವಾದ ಹುಗ್ಗಿಯನ್ನು ನಮ್ಮ ಹಿರಿಯರು ಹೊತ್ತು ಮೂಡುವ ಮೊದಲೇ, ಅದೂ ಮಾಗಿಯ ಚಳಿಯಲ್ಲಿ ಏಕೆ ತಿನ್ನುತ್ತಿದ್ದರು? ಇದಕ್ಕೆ ಉತ್ತರ ವಾಗ್ಭಟನ 'ಅಷ್ಟಾಂಗಹೃದಯ'ದ ಋತುಚರ್ಯೆಯ ಅಧ್ಯಾಯದಲ್ಲಿದೆ. ಮಾರ್ಗಶಿರ ಪುಷ್ಯಗಳು ಹೇಮಂತ ಋತು. ಧನುರ್ಮಾಸ ಬೀಳುವುದೂ ಇದೇ ಅವಧಿಯಲ್ಲಿ. ಹೊರಗಿನ ಚಳಿ ಮೈಯ ಕಾವನ್ನು ಹೊರಹೋಗಗೊಡದೆ ಒಳಕ್ಕೇ ಒತ್ತುವುದರಿಂದ ಈ ಕಾಲದಲ್ಲಿ ಜಠರಾಗ್ನಿ ವರ್ಷದಲ್ಲೇ ಹೆಚ್ಚು ಬಲವಾಗಿ ಉರಿಯುತ್ತದೆ ಎಂಬುದು ಶಾಸ್ತ್ರದ ಮತ. ಆ ಉರಿಗೆ ತಕ್ಕ ಆಹಾರ ಬೀಳದಿದ್ದರೆ ಅದು ಶರೀರದ ಧಾತುಗಳನ್ನೇ ಸುಡತೊಡಗುತ್ತದೆ. ವಾಗ್ಭಟ ಇನ್ನೂ ಒಂದು ಮಾತು ಹೇಳುತ್ತಾನೆ: ಈ ಋತುವಿನಲ್ಲಿ ರಾತ್ರಿ ದೀರ್ಘ, ಆದುದರಿಂದ ಮನುಷ್ಯನಿಗೆ ಬೆಳಗಾಗುತ್ತಲೇ ಹಸಿವು. ಧನುರ್ಮಾಸದ ಹುಗ್ಗಿಗೆ ಇದಕ್ಕಿಂತ ನೇರವಾದ ಸಮರ್ಥನೆ ಬೇಕಿಲ್ಲ. ರಾತ್ರಿ ಎಂಟಕ್ಕೆ ಉಂಡವನು ಬೆಳಗಿನ ಐದರ ವೇಳೆಗೆ ಒಂಬತ್ತು ಗಂಟೆ ಉಪವಾಸವಿದ್ದಂತಾಯಿತು. ಅಂಥವನಿಗೆ ಸಿಹಿ, ಹುಳಿ, ಉಪ್ಪು, ಜಿಡ್ಡು ಇರುವ ಬಿಸಿಯೂಟವೇ ಹಿತವೆಂದು ಶಾಸ್ತ್ರ ಹೇಳುತ್ತದೆ. ಈಗಿನ ಹಾಗೆ ಒಂದು ಲೋಟ ಕಾಫಿ ಕುಡಿದು ಹತ್ತರವರೆಗೆ ತಳ್ಳುವುದು ಆ ಲೆಕ್ಕಕ್ಕೆ ಬರುವುದಿಲ್ಲ.

ಬೆಳಗಿನ ಈ ಊಟ ನಮ್ಮ ಸೀಮೆಯದಷ್ಟೇ ಅಲ್ಲ. 14ನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತ, ಇಲ್ಲಿಯವರು ಹೆಸರುಕಾಳನ್ನು ಅಕ್ಕಿಯೊಡನೆ ಬೇಯಿಸಿ ತುಪ್ಪ ಬೆರೆಸಿ ಬೆಳಗಿನ ಉಪಾಹಾರವಾಗಿ ತಿನ್ನುತ್ತಾರೆಂದು ಬರೆದಿಟ್ಟಿದ್ದಾನೆ.

ಇನ್ನು ಪಾಕಕ್ಕೆ ಬರೋಣ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ, ಆಹಾರದ ಹಿತಾಹಿತವನ್ನು ತೂಗಿ ನೋಡಲು ಎಂಟು ಸಂಗತಿಗಳನ್ನು ಹೇಳಿದೆ: ಪದಾರ್ಥದ ಸ್ವಭಾವ, ಅದಕ್ಕೆ ಮಾಡುವ ಸಂಸ್ಕಾರ, ಬೇರೆ ಪದಾರ್ಥಗಳ ಕೂಟ, ಪ್ರಮಾಣ, ದೇಶ, ಕಾಲ, ಉಣ್ಣುವ ಕ್ರಮ, ಉಣ್ಣುವ ವ್ಯಕ್ತಿ. ಅಡಿಗೆ ಮಾಡುವವರ ಕೈಯಲ್ಲಿ ಹೆಚ್ಚಾಗಿ ಇರುವುದು ಎರಡನೆಯದು, ಅಂದರೆ ಸಂಸ್ಕಾರ. ಜಡವಾದುದನ್ನು ತಕ್ಕಮಟ್ಟಿಗೆ ಹಗುರ ಮಾಡುವುದು ನೀರು, ಬೆಂಕಿ, ತೊಳೆಯುವಿಕೆ, ಹುರಿಯುವಿಕೆಗಳ ಕೆಲಸ. ಹುಗ್ಗಿಯ ಕ್ರಮವನ್ನು ಈ ದೃಷ್ಟಿಯಿಂದ ನೋಡಿದರೆ, ನಮ್ಮ ಅಜ್ಜಿಯರು ಸುಮ್ಮನೆ ಮಾಡುತ್ತಿದ್ದಂತೆ ಕಾಣುವ ಒಂದೊಂದು ಕೆಲಸಕ್ಕೂ ಅರ್ಥ ಹೊಳೆಯುತ್ತದೆ.

ಮೊದಲು ಅಕ್ಕಿ. ಹೊಸ ಧಾನ್ಯ ಜಡ, ವರ್ಷ ಹಳೆಯದಾದ ಧಾನ್ಯ ಹಗುರ ಎಂಬುದು ಸಾಮಾನ್ಯ ನಿಯಮ. ಬತ್ತಗಳಲ್ಲಿ ಕೆಂಪು ಬತ್ತ ಶ್ರೇಷ್ಠವೆಂದು ಚರಕನ ಅಭಿಪ್ರಾಯ. ಕುತೂಹಲದ ಸಂಗತಿಯೆಂದರೆ, ಹೊಸ ಅಕ್ಕಿಯ ಅನ್ನವನ್ನು ಚರಕನೂ ವಾಗ್ಭಟನೂ ಹೇಮಂತ ಋತುವಿನ ಆಹಾರದ ಪಟ್ಟಿಯಲ್ಲೇ ಸೇರಿಸಿದ್ದಾರೆ. ಸುಗ್ಗಿಯ ಹೊಸ ಅಕ್ಕಿ ಮನೆಗೆ ಬರುವುದೂ ಸರಿಸುಮಾರು ಆಗಲೇ. ಹೊಟ್ಟೆಯಲ್ಲಿ ಬೆಂಕಿ ಇರುವಾಗ ಹೊಸದನ್ನು ತಿನ್ನಿ, ಅದು ತಗ್ಗಿದಾಗ ಹಳೆಯದಕ್ಕೆ ಹೊರಳಿ ಎಂದಂತಾಯಿತು. ಮನೆಯಲ್ಲಿ ವಯಸ್ಸಾದವರಿದ್ದರೆ ಮಾತ್ರ ಹಳೆಯ ಅಕ್ಕಿಯೇ ಲೇಸು.

ಬೇಳೆಗಳಲ್ಲಿ ಹೆಸರು. ಕೋಶಧಾನ್ಯಗಳ ಪೈಕಿ ಪಥ್ಯಕ್ಕೆ ಹೆಸರು ಅತ್ಯುತ್ತಮ, ಉದ್ದು ಅಪಥ್ಯದಲ್ಲಿ ಮುಂದು ಎಂದು ಚರಕ ಕಂಡಿತವಾಗಿ ಹೇಳುತ್ತಾನೆ. ಎಳ್ಳು, ಉದ್ದುಗಳ ಹಳೆಯ ಕೃಶರಾಗಿಂತ ನಮ್ಮ ಹುಗ್ಗಿ ಎಷ್ಟೋ ಹಗುರವೆನ್ನುವುದಕ್ಕೆ ಈ ಒಂದು ಬದಲಾವಣೆಯೇ ಸಾಕು. ಬೇಳೆಯನ್ನು ಒಣ ಬಾಣಲೆಯಲ್ಲಿ ಹದವಾದ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿಯಬೇಕು, ಕೆಂಪಗಾಗಲು ಬಿಡಬಾರದು. ಅಕ್ಕಿಯನ್ನೂ ಒಂದೆರಡು ನಿಮಿಷ ಬೆಚ್ಚಗೆ ಮಾಡುವುದುಂಟು. ಹುರಿದ ಅಕ್ಕಿಯ ಅನ್ನ ಹಗುರವೆಂದು ಶಾಸ್ತ್ರ ಹೇಳಿದೆ. ಹುರಿದ ಬೇಳೆ ಲೋಳೆಯಾಗದೆ ಅರಳುತ್ತದೆಂಬುದನ್ನು ಯಾರು ಬೇಕಾದರೂ ಕಣ್ಣಾರೆ ಕಾಣಬಹುದು.

ಇಲ್ಲಿ ಆಧುನಿಕ ಪೋಷಣಶಾಸ್ತ್ರದ ಮಾತನ್ನೂ ಸೇರಿಸಬೇಕು. ಅಕ್ಕಿಯ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಂಶ ಕಡಿಮೆ. ಬೇಳೆಯಲ್ಲಿ ಅದು ಧಾರಾಳ. ಬೇಳೆಗೆ ಗಂಧಕವುಳ್ಳ ಮೀಥಿಯೊನೀನ್ ಕಡಿಮೆ; ಅಕ್ಕಿ ಆ ಕೊರತೆ ತುಂಬುತ್ತದೆ. ಹೆಸರುಬೇಳೆಯ ನೂರು ಗ್ರಾಮಿನಲ್ಲಿ ಸುಮಾರು 24 ಗ್ರಾಂ, ಅಕ್ಕಿಯಲ್ಲಿ ಸುಮಾರು 7ರಿಂದ 8 ಗ್ರಾಂ ಪ್ರೋಟೀನು. ಆದುದರಿಂದ ಅಕ್ಕಿ ಎರಡು ಪಾಲು, ಬೇಳೆ ಒಂದು ಪಾಲು ಎನ್ನುವ ಜಿಪುಣತನಕ್ಕಿಂತ ಸಮಸಮ ಹಾಕುವ ನಮ್ಮ ಪದ್ಧತಿಯೇ ಮೇಲು. ಬೆಳೆಯುವ ಮಕ್ಕಳಿರುವ ಮನೆಯಲ್ಲಂತೂ ಈ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಡಿ.

ಅಕ್ಕಿಯನ್ನು ಚೆನ್ನಾಗಿ ತೊಳೆದು, ಬೇಯಿಸಿ, ಬಸಿದ ಅನ್ನ ಹಗುರವೆಂದು ವಾಗ್ಭಟ ಹೇಳಿದ್ದಾನೆ. ಆದರೆ ತೊಳೆದ ನೀರಿನಲ್ಲೂ ಬಸಿದ ಗಂಜಿಯಲ್ಲೂ ಬಿ ವರ್ಗದ ಜೀವಸತ್ವಗಳು ಕರಗಿ ಹೋಗುತ್ತವೆಂಬುದು ಈಗ ಎಲ್ಲರೂ ಬಲ್ಲ ಸಂಗತಿ. ಗಿರಣಿಯಲ್ಲಿ ತೌಡೆಲ್ಲ ಹೋದ ಬಿಳಿಯ ಅಕ್ಕಿಗೆ ಇನ್ನಷ್ಟು ಕಳೆದುಕೊಳ್ಳುವ ಐಶ್ವರ್ಯವಿಲ್ಲ. ಹುಗ್ಗಿಯಲ್ಲಿ ಬಸಿಯುವ ಮಾತೇ ಇಲ್ಲದಿರುವುದು ಒಳ್ಳೆಯದಾಯಿತು. ಎರಡು ಸಲ ತೊಳೆದರೆ ಸಾಕು.

ಈಗ ಸಂಬಾರ. ಹುಗ್ಗಿಗೆ ಮೆಣಸಿನಕಾಯಿ ಸೇರದು; ಮೆಣಸೇ ಬೇಕು. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಮೂಲಕ 16ನೆಯ ಶತಮಾನದಲ್ಲಿ ನಮ್ಮಲ್ಲಿಗೆ ಬಂದದ್ದು. ಚರಕ ವಾಗ್ಭಟರು ಅದನ್ನು ಕಂಡೇ ಇರಲಿಲ್ಲ. 'ಮೆಣಸಿನ' ಕಾಯಿ ಎಂದು ನಾವು ಅದಕ್ಕೆ ಹೆಸರಿಟ್ಟದ್ದೇ, ಖಾರಕ್ಕೆ ಮೊದಲಿನಿಂದ ಒಡೆಯ ಯಾರೆಂಬುದಕ್ಕೆ ಸಾಕ್ಷಿ. ಮೆಣಸು, ಶುಂಠಿ, ಜೀರಿಗೆ, ಇಂಗು ನಾಲ್ಕೂ ಅಗ್ನಿಯನ್ನು ಎಬ್ಬಿಸತಕ್ಕವು. ಭಾವಮಿಶ್ರ ಹೇಳಿದ ದೋಷಗಳಲ್ಲಿ ಕಫಕ್ಕೆ ಮೆಣಸು, ಹೊಟ್ಟೆ ಕಟ್ಟುವುದಕ್ಕೆ ಇಂಗು ಎದುರಾಳಿ. ಇಂಗನ್ನು ತುಪ್ಪದಲ್ಲಿ ಅರಳಿಸಿಯೇ ಹಾಕಬೇಕು. ಅಂಗಡಿಯ ಪುಡಿ ಇಂಗಿನಲ್ಲಿ ಹಿಟ್ಟು, ಗೋಂದು ಬೆರೆತಿರುವುದರಿಂದ ಗಟ್ಟಿ ಇಂಗಾದರೆ ಕಡಲೆಬೇಳೆ ಗಾತ್ರದ್ದು ಸಾಕು, ಪುಡಿಯಾದರೆ ತುಸು ಮುಂದಾಗಿ ಬೇಕು. ತುಪ್ಪವೂ ಮಿತವಾಗಿದ್ದರೆ ಅಗ್ನಿಯನ್ನು ಬೆಳಗಿಸುತ್ತದೆ, ದೀಪಕ್ಕೆ ಎರೆದ ಹಾಗೆ. ಸುರಿದರೆ ದೀಪ ಆರುವುದೂ ಹಾಗೆಯೇ.

ಅರಿಶಿನದ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಅರಿಶಿನದ ಕರ್ಕ್ಯುಮಿನ್ ಎಂಬ ಸತ್ವ ನಮ್ಮ ರಕ್ತಕ್ಕೆ ಸುಲಭವಾಗಿ ಸೇರುವುದಿಲ್ಲ. ಜೊತೆಗೆ ಮೆಣಸಿನ ಪೈಪರಿನ್ ಇದ್ದರೆ ಬಹುಪಟ್ಟು ಹೆಚ್ಚಾಗಿ ಸೇರುತ್ತದೆ ಎಂಬುದನ್ನು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದರು. ಅವರು ಕೊಟ್ಟದ್ದು ಎರಡು ಗ್ರಾಂ ಶುದ್ಧ ಕರ್ಕ್ಯುಮಿನ್. ನಾವು ಹುಗ್ಗಿಗೆ ಹಾಕುವ ಚಿಟಿಕೆ ಅರಿಶಿನದಲ್ಲಿ ಅದರ ಅಂಶ ಅತ್ಯಲ್ಪ. ಆದುದರಿಂದ ಹುಗ್ಗಿ ತಿಂದರೆ ರೋಗಗಳೆಲ್ಲ ಓಡುತ್ತವೆಂದು ಹೇಳಲು ನಾನು ಸಿದ್ಧನಿಲ್ಲ. ಅರಿಶಿನ ಮೆಣಸುಗಳ ಜೋಡಿ ಹಳೆಯದು, ಅದಕ್ಕೊಂದು ಕಾರಣವೂ ದೊರೆತಿದೆ, ಅಷ್ಟೆ.

ಐದು ಜನರಿಗೆ ಅಳತೆ ಹೀಗೆ: ಅಕ್ಕಿ 200 ಗ್ರಾಂ, ಹೆಸರುಬೇಳೆ 200 ಗ್ರಾಂ, ಅಂದರೆ ಸಾಮಾನ್ಯವಾಗಿ ಒಂದೊಂದು ಲೋಟ. ನೀರು ಎಂಟು ಲೋಟ. ಪ್ರೆಷರ್ ಕುಕ್ಕರಿನಲ್ಲಾದರೆ ಏಳು ಸಾಕು. ಮೆಣಸು ಒಂದೂವರೆ ಚಹಾ ಚಮಚ, ಜೀರಿಗೆ ಎರಡು, ಹೆಬ್ಬೆರಳಿನ ಗೆಣ್ಣಿನಷ್ಟು ಹಸಿಶುಂಠಿ, ಕಾಲು ಚಮಚ ಅರಿಶಿನ, ಇಂಗು, ಒಂದು ಎಸಳು ಕರಿಬೇವು, ಒಂದು ಹಿಡಿ ತುರಿದ ಕೊಬ್ಬರಿ, ತುಪ್ಪ ಐದು ಚಹಾ ಚಮಚ, ರುಚಿಗೆ ಉಪ್ಪು. ಗೋಡಂಬಿ ಇಷ್ಟವಿದ್ದವರು ನಾಲ್ಕಾರು ಹಾಕಿಕೊಳ್ಳಲಿ. ಮದುವೆಯ ಅಡಿಗೆಯವರ ಹಾಗೆ ಮುಷ್ಟಿಗಟ್ಟಲೆ ಬೇಡ. ಶಾಸ್ತ್ರ ಮೆಚ್ಚುವುದು ಸೈಂಧವ ಲವಣವನ್ನು. ಆದರೆ ಅಯೋಡಿನ್ ಸೇರಿಸಿದ ಉಪ್ಪನ್ನು ಮನೆಯಿಂದ ಪೂರ್ತಿ ಹೊರಹಾಕುವುದು ಜಾಣತನವಲ್ಲ.

ಹುರಿದ ಬೇಳೆಯನ್ನೂ ಅಕ್ಕಿಯನ್ನೂ ತೊಳೆದು, ನೀರು ಕುದಿ ಬಂದ ಮೇಲೆ ಅರಿಶಿನದೊಡನೆ ಹಾಕಿ. ತೆರೆದ ಪಾತ್ರೆಯಲ್ಲಿ ನಲವತ್ತು ನಿಮಿಷ ಬೇಕಾದೀತು. ಏಳುವ ನೊರೆಯನ್ನು ಸೌಟಿನಿಂದ ತೆಗೆದುಬಿಡಿ. ಅಗುಳು ಬೆರಳಲ್ಲಿ ಒತ್ತಿದರೆ ಹಿಟ್ಟಾಗಬೇಕು, ಬೇಳೆ ಕರಗಿ ಅನ್ನವನ್ನು ಹಿಡಿದುಕೊಂಡಿರಬೇಕು. ಅರೆಬೆಂದ ಬೇಳೆಯ ಹುಗ್ಗಿ ನಿಜವಾಗಿಯೂ ಜಡವೇ. ಇದಕ್ಕೆ ಯಾವ ಸಂಬಾರವೂ ಪರಿಹಾರವಲ್ಲ. ಬೆಂದ ಮೇಲೆ ಉಪ್ಪು, ಜಜ್ಜಿದ ಶುಂಠಿ, ಕೊಬ್ಬರಿ ಬೆರೆಸಿ ಐದು ನಿಮಿಷ ಸಣ್ಣ ಉರಿಯಲ್ಲಿಡಿ. ಆಮೇಲೆ ತುಪ್ಪ ಕಾಯಿಸಿ ಇಂಗು, ಇಡೀ ಮೆಣಸು ಅರ್ಧ, ತರಿಯಾಗಿ ಕುಟ್ಟಿದ ಮೆಣಸು ಅರ್ಧ, ಜೀರಿಗೆ, ಕರಿಬೇವು ಹಾಕಿ, ಜೀರಿಗೆ ಚಟಪಟ ಎಂದ ಕೂಡಲೇ ಒಗ್ಗರಣೆಯನ್ನು ಹುಗ್ಗಿಗೆ ಸುರಿದು ಮುಚ್ಚಿಬಿಡಿ. ಒಂದು ನಿಮಿಷ ತಡವಾದರೆ ಮೆಣಸು ಸೀದು ಕಹಿಯಾಗುತ್ತದೆ. ಹುಗ್ಗಿ ಸೌಟಿನಿಂದ ನಿಧಾನವಾಗಿ ಜಾರುವ ಹದದಲ್ಲಿರಬೇಕು. ಆರುತ್ತ ಅದು ತಾನಾಗಿಯೇ ಗಟ್ಟಿಯಾಗುತ್ತದೆ.

ಹೀಗೆ ಮಾಡಿದಾಗ ಒಬ್ಬೊಬ್ಬರ ಪಾಲಿಗೆ ಹನ್ನೆರಡು ಗ್ರಾಮಿನಷ್ಟು ಪ್ರೋಟೀನು ಬೀಳುತ್ತದೆ.

ಉಣ್ಣುವ ಕ್ರಮಕ್ಕೂ ಶಾಸ್ತ್ರವುಂಟು. ಜಡ ಪದಾರ್ಥವನ್ನು ತೃಪ್ತಿಯ ಅರ್ಧಕ್ಕೆ ನಿಲ್ಲಿಸಬೇಕು; ಹೊಟ್ಟೆಯ ನಾಲ್ಕು ಭಾಗಗಳಲ್ಲಿ ಎರಡು ಅನ್ನಕ್ಕೆ, ಒಂದು ಪಾನೀಯಕ್ಕೆ, ಒಂದು ವಾಯುವಿನ ಸಂಚಾರಕ್ಕೆ ಎಂದು ವಾಗ್ಭಟನ ಲೆಕ್ಕ. ತುಪ್ಪದ ಹುಗ್ಗಿಯ ಮುಂದೆ ಕೂತು ಇದನ್ನು ಪಾಲಿಸುವುದು ಎಷ್ಟು ಕಷ್ಟವೆಂದು ನನಗೂ ಗೊತ್ತು. ಜೊತೆಗೆ ಹುಣಿಸೆಯ ಗೊಜ್ಜು ಇದ್ದರೆ ಹೇಮಂತಕ್ಕೆ ಹೇಳಿದ ಹುಳಿಯೂ ಸೇರಿದಂತಾಯಿತು. ಮೊಸರನ್ನು ರಾತ್ರಿ ತಿನ್ನಬಾರದು, ಬಿಸಿ ಮಾಡಬಾರದು, ಹೆಸರಿನ ತೊವ್ವೆ, ಜೇನು, ನೆಲ್ಲಿಕಾಯಿಗಳಂಥ ಜೊತೆಯಿಲ್ಲದೆ ತಿನ್ನಬಾರದು ಎಂದು ನಿಯಮ. ಹುಗ್ಗಿಯಲ್ಲಿ ಹೆಸರು ಇದ್ದೇ ಇದೆ, ಹೊತ್ತು ಬೆಳಗಿನದು. ಉಳಿದದ್ದು ಕಾವು ಮಾತ್ರ. ಹೊಗೆಯಾಡುವ ಹುಗ್ಗಿಯ ಮೇಲೆ ಮೊಸರು ಸುರಿಯದೆ ಪಕ್ಕದಲ್ಲಿ ಬಡಿಸಿಕೊಂಡರಾಯಿತು.

ಉಳಿದ ಹುಗ್ಗಿಯನ್ನು ಮಧ್ಯಾಹ್ನದವರೆಗೆ ಒಲೆಯ ಪಕ್ಕದಲ್ಲಿಟ್ಟು ಮತ್ತೆ ಬಿಸಿಮಾಡುವ ರೂಢಿ ಮಾತ್ರ ಬಿಡತಕ್ಕದ್ದು. ಬೆಂದ ಅನ್ನ ಬೆಚ್ಚಗೆ ಬಹಳ ಹೊತ್ತು ಇದ್ದರೆ ಕೆಲವು ಬ್ಯಾಕ್ಟೀರಿಯಾಗಳು ಅದರಲ್ಲಿ ಬೆಳೆದು ವಿಷ ಕಾರುತ್ತವೆ. ಆ ವಿಷ ಮತ್ತೆ ಕಾಯಿಸಿದರೂ ಹೋಗದು. ಉಳಿದದ್ದನ್ನು ಬೇಗ ಆರಿಸಿ ಫ್ರಿಜ್ಜಿನಲ್ಲಿಡಿ. ಇಲ್ಲವೆ ಅಳತೆ ನೋಡಿ ಮಾಡಿ.

ಹೊಟ್ಟೆಯುರಿ, ಹುಳಿತೇಗು ಇರುವವರಿಗೆ ಮೆಣಸನ್ನು ಅರ್ಧಕ್ಕಿಳಿಸಿ ಜೀರಿಗೆಯನ್ನು ಹೆಚ್ಚಿಸಬಹುದು. ಗೊಜ್ಜು ಅವರಿಗೆ ಬೇಡ. ಸಕ್ಕರೆ ಕಾಯಿಲೆಯವರು ಮೆತ್ತಗೆ ಬೆಂದ ಅನ್ನ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆಂಬುದನ್ನು ನೆನಪಿಟ್ಟು, ಬೇಳೆಯ ಪಾಲು ಹೆಚ್ಚಿಸಿ ಬಡಿಸಿಕೊಳ್ಳುವ ಪಾಲು ತಗ್ಗಿಸಬೇಕು. ಮಳೆಗಾಲದಲ್ಲಿ ಅಗ್ನಿ ಮಂದ. ಆಗ ಇದೇ ಹುಗ್ಗಿಯನ್ನು ಹಳೆಯ ಅಕ್ಕಿಯಲ್ಲಿ, ಹೆಚ್ಚು ನೀರಿಟ್ಟು, ಕೊಬ್ಬರಿ ಗೋಡಂಬಿ ಇಲ್ಲದೆ ತೆಳ್ಳಗೆ ಮಾಡುವುದು ವಾಸಿ.

ಇನ್ನು ಕಾಯಿಲೆಯಿಂದ ಎದ್ದವರು. ಅಜ್ಜಿಯ ಮಾತಿಗೆ ಎದುರು ಹೇಳಲು ಸಂಕೋಚವಾದರೂ ಹೇಳಲೇಬೇಕು: ಅವರಿಗೆ ಮೊದಲ ದಿನವೇ ಹುಗ್ಗಿ ಸಲ್ಲದು. ಆರಿಹೋಗುತ್ತಿರುವ ಕಿಡಿಯನ್ನು ಮೊದಲು ಹುಲ್ಲು, ಬೆರಣಿಚೂರುಗಳಿಂದ ಹೊತ್ತಿಸಿ ಕ್ರಮವಾಗಿ ಬೆಳೆಸುವಂತೆ, ಶೋಧನ ಚಿಕಿತ್ಸೆಯಿಂದ ಬಳಲಿದವನ ಅಗ್ನಿಯನ್ನು ಬೆಳೆಸಬೇಕೆಂದು ಚರಕಸಂಹಿತೆ ಹೇಳುತ್ತದೆ. ಕಾಯಿಲೆಯಿಂದ ಎದ್ದವನಿಗೂ ಈ ನ್ಯಾಯ ಒಪ್ಪುತ್ತದೆ. ಅಕ್ಕಿಯ ಪಾಕಗಳಲ್ಲಿ ಎಲ್ಲಕ್ಕಿಂತ ಹಗುರವಾದದ್ದು ಮಂಡ, ಅಂದರೆ ಹದಿನಾಲ್ಕು ಪಾಲು ನೀರಿನಲ್ಲಿ ಅಕ್ಕಿ ಬೇಯಿಸಿ ಅಗುಳಿಲ್ಲದಂತೆ ಸೋಸಿದ ತಿಳಿ. ಅದರಲ್ಲೇ ಸ್ವಲ್ಪ ಅಗುಳು ಉಳಿಸಿದರೆ ಪೇಯ, ನಮ್ಮ ತೆಳುಗಂಜಿ. ನಾಲ್ಕು ಪಾಲು ನೀರಿನಲ್ಲಿ ಬೆಂದು ಮುದ್ದೆಯಾದದ್ದು ವಿಲೇಪಿ. ಅದಾದ ಮೇಲೆ ಅನ್ನ. ಹುಗ್ಗಿಗೆ ನಾವಿಡುವ ನೀರೂ ಅಕ್ಕಿ ಬೇಳೆಗಳೆರಡರ ನಾಲ್ಕರಷ್ಟೇ. ಕಣ್ಣಿಗೆ ಅದು ವಿಲೇಪಿಯ ಹಾಗೆಯೇ ಕಾಣುತ್ತದೆ. ಆದರೆ ಅದರ ಅರ್ಧ ಬೇಳೆ, ಮೇಲೆ ತುಪ್ಪ ಕೊಬ್ಬರಿ. ಮೋಸಹೋಗುವುದು ಇಲ್ಲಿಯೇ.

ಜ್ವರ ಬಿಟ್ಟವರಿಗೆ ಮೊದಲು ಒಂದು ಚಿಟಿಕೆ ಒಣಶುಂಠಿ, ಉಪ್ಪು ಹಾಕಿದ ತೆಳುಗಂಜಿ ಕೊಡಿ. ಬಾಯಿಗೆ ರುಚಿ ಬಂದು ಮತ್ತೆ ಕೇಳಿದರೆ ಗಟ್ಟಿ ಗಂಜಿ. ಅದರ ಮೇಲೆ ಹೆಸರುಬೇಳೆಯ ಕಟ್ಟು, ಬೇಳೆಯ ಗಷ್ಟವಿಲ್ಲದೆ. ಇವೆಲ್ಲ ಎರಡು ಮೂರು ದಿನದ ಮಾತು. ವಾಂತಿ ಭೇದಿಯಾಗುತ್ತಿರುವ ಮಗುವಿಗಂತೂ ಮೊದಲು ಬೇಕಾದದ್ದು ಓಆರ್‌ಎಸ್ ದ್ರಾವಣ ಮತ್ತು ವೈದ್ಯರ ಸಲಹೆ. ಎದೆಹಾಲು ಕುಡಿಯುವ ಕೂಸಾದರೆ ಹಾಲು ನಿಲ್ಲಿಸಕೂಡದು. ಹಸಿವು ತಾನಾಗಿ ಮರಳಿ, ಒಪ್ಪೊತ್ತಿಗೆ ತಿಂದದ್ದು ಅರಗಿ, ಮುಂದಿನ ಹೊತ್ತಿಗೆ "ಅಮ್ಮಾ, ಏನು ಮಾಡಿದ್ದೀಯೆ?" ಎಂಬ ದನಿ ಕೇಳಿದ ದಿನ ಹೆಸರುಬೇಳೆಯನ್ನು ಬಾಣಲೆಗೆ ಹಾಕಿ. ಆ ದಿನದ ಹುಗ್ಗಿಗೆ ಒಂದು ಲೋಟ ನೀರು ಹೆಚ್ಚಿರಲಿ, ಕೊಬ್ಬರಿ ಬೇಡ, ತುಪ್ಪ ಒಂದೇ ಚಮಚ, ಮೆಣಸು ಪೂರ್ತಿ ಕುಟ್ಟಿದ್ದೇ ಆಗಲಿ. ಕಾಳು ಹೆಕ್ಕುತ್ತ ಕೂರುವ ತಾಳ್ಮೆ ಹಸಿದ ಮಗುವಿಗೆ ಇರುವುದಿಲ್ಲ.